ನೆಲ ನೋಡಿ ಸಾಮಾನು: ಪಿಕಪ್ ಟ್ರಕ್ಕನ್ನು ಡಾಂಬರಿಲ್ಲದ ದಾರಿಗೆ ಸಜ್ಜುಗೊಳಿಸುವ ಬಗೆ

ಆಗಸ್ಟ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಹೈದರಾಬಾದಿನಿಂದ ಹೊರಟ ಪಿಕಪ್ ಟ್ರಕ್ಕೊಂದು ಜಹೀರಾಬಾದ್ ದಾಟಿ, ಬೀದರಿನ ಕಡೆಯ ರಸ್ತೆ ಬಿಟ್ಟು, ತೊಗರಿ ಹೊಲಗಳ ನಡುವಿನ ಬಂಡಿದಾರಿಗೆ ಇಳಿಯುತ್ತದೆ. ಹಿಂದಿನ ರಾತ್ರಿ ಮಳೆ ಬಿದ್ದಿದೆ. ಗಾಡಿಯ ನೆತ್ತಿಯ ಮೇಲೆ ಮಡಚುವ ಡೇರೆ, ಅದರ ಮುಂದೆ ಉದ್ದನೆಯ ಎಲ್‌ಇಡಿ ದೀಪದ ಪಟ್ಟಿ, ಪಕ್ಕದಲ್ಲಿ ನೀರಿನ ಕ್ಯಾನುಗಳು, ಮೂತಿಗೆ ದಪ್ಪ ಕಬ್ಬಿಣದ ಗಾರ್ಡು. ನೂರು ಮೀಟರ್ ಹೋಗುವಷ್ಟರಲ್ಲಿ ಟೈರಿನ ಕಚ್ಚುಗಳಲ್ಲಿ ಎರೆಮಣ್ಣು ತುಂಬಿ ಚಕ್ರಗಳು ನುಣ್ಣಗಾಗುತ್ತವೆ. ಗಾಡಿ ತನ್ನ ಭಾರಕ್ಕೇ ಆಕ್ಸಲ್‌ವರೆಗೆ ಕೂರುತ್ತದೆ. ಅರ್ಧ ಗಂಟೆಯ ಬಳಿಕ ಪಕ್ಕದ ಹೊಲದ ಟ್ರ್ಯಾಕ್ಟರ್ ಬರುತ್ತದೆ. ಸರಪಳಿ ಎಲ್ಲಿಗೆ ಹಾಕಲಿ ಎಂದು ಟ್ರ್ಯಾಕ್ಟರಿನವರು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಲಕ್ಷಗಟ್ಟಲೆ ರೂಪಾಯಿಯ ಸಾಮಾನು ಹೊತ್ತ ಗಾಡಿಯಲ್ಲಿ ಹಿಡಿದು ಎಳೆಯಲು ಭದ್ರವಾದ ಒಂದು ಕೊಕ್ಕೆಯಿಲ್ಲ.

ಪಿಕಪ್ ಕೊಂಡವರಲ್ಲಿ ಹೆಚ್ಚಿನವರು ಸಾಮಾನು ಆರಿಸುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ: ಮೊದಲು ದೀಪ, ಆಮೇಲೆ ಗಾರ್ಡು, ಆಮೇಲೆ ಡೇರೆ. ನೆಲ ಕೇಳುವ ಕ್ರಮ ಇದಕ್ಕೆ ಬಹುತೇಕ ವಿರುದ್ಧ. ಗಾಡಿ ಯಾವ ಮಣ್ಣಿನ ಮೇಲೆ ಓಡಬೇಕು, ಎಷ್ಟು ತೂಕ ಹೊರಬಲ್ಲದು, ಕಾನೂನು ಏನನ್ನು ಒಪ್ಪುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಉಳಿಯುವ ಪಟ್ಟಿ ಚಿಕ್ಕದು. ಅದರ ಖರ್ಚೂ ಜನ ಅಂದುಕೊಂಡಷ್ಟಿಲ್ಲ.

ಗಾಡಿಯ ಜಾಯಮಾನ

ನಮ್ಮ ದೇಶದಲ್ಲಿ ಪಿಕಪ್ ಎಂದರೆ ಬಹುಕಾಲ ಸರಕಿನ ಗಾಡಿಯೇ. ತರಕಾರಿ ಮಂಡಿಗೂ ಸಿಮೆಂಟ್ ಅಂಗಡಿಗೂ ಓಡಾಡುವ ಟಾಟಾ 207, ಬೊಲೆರೊ ಪಿಕಪ್‌ಗಳನ್ನು ಎಲ್ಲರೂ ಬಲ್ಲರು. ಮನೆಮಂದಿಯ ಓಡಾಟಕ್ಕೂ ಆಗುವಂತೆ ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಝೆನಾನ್ ಬಂದರೂ ಹೆಚ್ಚು ನಿಲ್ಲಲಿಲ್ಲ. 2016ರಲ್ಲಿ ಆಂಧ್ರದ ಶ್ರೀಸಿಟಿಯ ಕಾರ್ಖಾನೆಯಿಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಹೊರಬಂದ ಮೇಲೆ ಸ್ವಂತ ಬಳಕೆಯ, ಬಿಳಿ ನಂಬರ್ ಪ್ಲೇಟಿನ ಪಿಕಪ್ ನಗರದ ರಸ್ತೆಗಳಲ್ಲಿ ಕಾಣತೊಡಗಿತು. 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು. ಜಗತ್ತಿನ ಬೇರೆಡೆ ಅದು 1968ರಿಂದಲೇ ಓಡುತ್ತಿರುವ ಗಾಡಿ.

ಇವುಗಳ ಮೈಕಟ್ಟು ಒಂದೇ ಬಗೆಯದು. ಕೆಳಗೆ ಏಣಿಯಾಕಾರದ ಚಾಸಿ, ಅದರ ಮೇಲೆ ಮುಂದೆ ಐದು ಜನರ ಕ್ಯಾಬಿನ್, ಹಿಂದೆ ತೆರೆದ ಬಾಡಿ. ಉದ್ದ ಸುಮಾರು 5.3 ಮೀಟರ್, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮೂರು ಮೀಟರಿಗೂ ಮಿಕ್ಕ ಅಂತರ. ಹೆದ್ದಾರಿಯಲ್ಲಿ ಈ ಉದ್ದ ಗಾಡಿಯನ್ನು ನೆಟ್ಟಗೆ ಹಿಡಿದಿಡುತ್ತದೆ. ದಿಬ್ಬದ ನೆತ್ತಿಯಲ್ಲಿ ಅದೇ ತೊಡಕು: ಮುಂದಿನ ಚಕ್ರ ದಾಟಿ ಇಳಿಯುತ್ತಿರುವಾಗ ಹೊಟ್ಟೆ ನೆಲಕ್ಕೆ ತಾಗುತ್ತದೆ. ಹಿಂಬದಿಯ ಲೀಫ್ ಸ್ಪ್ರಿಂಗುಗಳನ್ನು ಭಾರಕ್ಕೆಂದೇ ಮಾಡಿರುವುದರಿಂದ ಖಾಲಿ ಗಾಡಿ ಕುಪ್ಪಳಿಸುತ್ತದೆ, ಹಿಂಚಕ್ರ ಸುಲಭವಾಗಿ ಜಾರುತ್ತದೆ.

ನಾಲ್ಕು ಚಕ್ರಗಳಿಗೂ ಬಲ ಕೊಡುವ ಏರ್ಪಾಟು ಇವುಗಳಲ್ಲಿ ಬೇಕಾದಾಗ ಮಾತ್ರ ಹಾಕುವಂಥದು. ಡಾಂಬರಿನ ಮೇಲೆ ಎರಡು ಚಕ್ರ, ಜಾರುವ ಮಣ್ಣಿನಲ್ಲಿ ನಾಲ್ಕು ಚಕ್ರ, ಕಡಿದಾದ ಏರಿಳಿತಕ್ಕೆ ನಾಲ್ಕು ಚಕ್ರದ ನಿಧಾನದ ಗೇರು. ಒಣ ಡಾಂಬರಿನಲ್ಲಿ ನಾಲ್ಕು ಚಕ್ರ ಹಾಕಿ ಓಡಿಸಿದರೆ ತಿರುವುಗಳಲ್ಲಿ ಗೇರುಗಳು ಒಂದಕ್ಕೊಂದು ಬಿಗಿದು ಸವೆಯುತ್ತವೆ. ಹೊಸಬರು ಸಾಮಾನಿಗೆ ಮೊದಲು ಕಲಿಯಬೇಕಾದ್ದು ಈ ಏರ್ಪಾಟನ್ನು ಬದಲಿಸುವ ಗುಂಡಿಯ ಬಳಕೆ.

ಹೈದರಾಬಾದಿನ ಸುತ್ತಲ ನೆಲ

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಆಸ್ಟ್ರೇಲಿಯಾದ ಮರುಭೂಮಿಗೆ, ಅಮೆರಿಕದ ಬಂಡೆಗಾಡಿಗೆ ಹೇಳಿದವು. ದಖ್ಖನಿನ ನೆಲದ ಲೆಕ್ಕ ಬೇರೆ. ಹೈದರಾಬಾದಿನಿಂದ ಯಾವ ದಿಕ್ಕಿಗೆ ಹೋದರೂ ಎರಡು ಮೂರು ಗಂಟೆಯೊಳಗೆ ನೆಲದ ಬಣ್ಣ ಬದಲಾಗುತ್ತದೆ.

ನಗರದ ಸುತ್ತ, ಭುವನಗಿರಿಯ ಕಡೆಗೂ, ದಕ್ಷಿಣಕ್ಕೆ ಮೆಹಬೂಬ್‌ನಗರದ ದಾರಿಯುದ್ದಕ್ಕೂ ಕಾಣುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆ ಮತ್ತು ಅದು ಸವೆದು ಆದ ಮಸಾರಿ ಮಣ್ಣು. ಮಳೆ ಬಂದರೂ ಈ ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಗಾಡಿ ಹೂತುಕೊಳ್ಳುವುದು ಕಡಿಮೆ. ಇಲ್ಲಿನ ಅಪಾಯ ಮೊನಚು ಕಲ್ಲು. ಅದು ಟೈರಿನ ಪಕ್ಕೆಯನ್ನು ಸೀಳುತ್ತದೆ.

ಪಶ್ಚಿಮಕ್ಕೆ ಚೇವೆಳ್ಳ ದಾಟಿ ವಿಕಾರಾಬಾದಿನ ಕಡೆ ಹೋದಂತೆ ದಖ್ಖನಿನ ಲಾವಾ ಹಾಸು ಶುರುವಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಕಲ್ಲು ಅದು. ಅದು ಕೊಳೆತು ಆದದ್ದೇ ಎರೆಮಣ್ಣು. ಜಹೀರಾಬಾದ್, ಬೀದರ್, ಕಲಬುರಗಿಯ ಹೊಲಗಳೆಲ್ಲ ಇದೇ. ಇದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಿರುವ ಬಂಡಿದಾರಿ ಒಂದು ಮಳೆಗೆ ಅಂಟಾಗುತ್ತದೆ. ಮೂಸಿ ಹುಟ್ಟುವ ಅನಂತಗಿರಿ ಬೆಟ್ಟ ಮತ್ತು ಬೀದರಿನ ಎತ್ತರದ ನೆಲದಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ ಇರುವುದರಿಂದ ಅಲ್ಲಿ ಹಿಡಿತ ಚೆನ್ನಾಗಿ ಸಿಗುತ್ತದೆ. ಇಳಿಜಾರು ಮುಗಿದು ಹೊಲ ಸಿಕ್ಕ ಕೂಡಲೇ ಮತ್ತೆ ಎರೆ. ತಾಂಡೂರಿನಿಂದ ಶಹಾಬಾದಿನವರೆಗೆ ಹಾಸುಗಲ್ಲಿನ ಗಣಿಗಳಿವೆ, ಅವುಗಳ ಸುತ್ತಲ ದಾರಿಗಳಲ್ಲಿ ಕತ್ತಿಯಂಚಿನ ಕಲ್ಲುಚೂರು ಚೆಲ್ಲಿರುತ್ತದೆ. ರಾಯಚೂರಿನ ಕೃಷ್ಣಾ, ತುಂಗಭದ್ರಾ ದಂಡೆಗಳಲ್ಲಿ ಮರಳು.

ಇದೆಲ್ಲದರ ಮೇಲೆ ಬಿಸಿಲು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುವುದು ವಾಡಿಕೆ. ಬ್ಯಾಟರಿ, ಟೈರು, ರಬ್ಬರ್ ಕೊಳವೆ, ಹಗ್ಗ ಎಲ್ಲದರ ಆಯುಸ್ಸನ್ನು ಈ ಬಿಸಿಲು ತಿನ್ನುತ್ತದೆ. ಲಡಾಖ್ ಪ್ರವಾಸದ ಕನಸಿಗಾಗಿ ಗಾಡಿ ಕಟ್ಟಿಸುವವರು ಬಹಳ. ಲಡಾಖ್‌ಗೆ ಹೋಗುವುದು ಆಯುಸ್ಸಿನಲ್ಲಿ ಒಮ್ಮೆಯೋ ಎರಡು ಬಾರಿಯೋ. ವಿಕಾರಾಬಾದ್, ಬೀದರ್, ಲಿಂಗಸುಗೂರಿನ ದಾರಿಗಳು ಪ್ರತಿ ತಿಂಗಳಿನವು. ಪ್ರತಿ ತಿಂಗಳ ದಾರಿಗೆ ಗಾಡಿ ಸಜ್ಜಾಗಬೇಕು.

ಮೊದಲ ಖರ್ಚು ಟೈರಿಗೆ

ಕಾರ್ಖಾನೆಯಿಂದ ಬರುವ ಟೈರು ಹೆದ್ದಾರಿಯದು: ಕಚ್ಚು ಕಿರಿದು, ಪಕ್ಕೆ ತೆಳು. ಇದಕ್ಕೆ ಎದುರು ತುದಿಯಲ್ಲಿರುವುದು ಪೂರಾ ಕೆಸರಿನ ಬಟನ್ ಟೈರು. ಎರೆಮಣ್ಣನ್ನು ಕೊಡವಿ ಎಸೆಯುವ ಶಕ್ತಿ ಅದಕ್ಕಿದೆ. ಆದರೆ ಡಾಂಬರಿನಲ್ಲಿ ಗದ್ದಲ ಮಾಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕಿನ ಹಿಡಿತ ಕಡಿಮೆ. ಪ್ರತಿ ಪ್ರವಾಸದಲ್ಲೂ ನೂರಾರು ಕಿಲೋಮೀಟರ್ ಡಾಂಬರು, ಇಪ್ಪತ್ತು ಮೂವತ್ತು ಕಿಲೋಮೀಟರ್ ಮಣ್ಣು ಎನ್ನುವವರಿಗೆ ಇವೆರಡರ ನಡುವಿನ ಆಲ್ ಟೆರೇನ್ ಟೈರೇ ಸರಿ. ಆರಿಸುವಾಗ ಮೇಲಿನ ಕಚ್ಚಿಗಿಂತ ಪಕ್ಕೆಯ ಪದರ ಮತ್ತು ಹೊರೆಯ ದರ್ಜೆಯನ್ನು ನೋಡಬೇಕು, ಗ್ರಾನೈಟು ಸೀಳುವುದು ಪಕ್ಕೆಯನ್ನೇ.

ಅಳತೆ ದೊಡ್ಡದು ಮಾಡುವ ಆಸೆ ಸಹಜ. ವಿ-ಕ್ರಾಸ್‌ನ 255/60 ಆರ್18 ಟೈರಿನ ವ್ಯಾಸ ಸುಮಾರು 763 ಮಿ.ಮೀ. ಅದರ ಬದಲಿಗೆ 265/65 ಆರ್18 ಹಾಕಿದರೆ ವ್ಯಾಸ ಸುಮಾರು 802 ಮಿ.ಮೀ. ಆಗುತ್ತದೆ. ಗಾಡಿ ಎತ್ತರವಾಗುವುದು ಇದರ ಅರ್ಧದಷ್ಟು, ಅಂದರೆ ಎರಡು ಸೆಂಟಿಮೀಟರಿಗೂ ಕಡಿಮೆ. ಕಳೆದುಕೊಳ್ಳುವುದು ಹೆಚ್ಚು: ಮೀಟರ್ 80 ತೋರಿಸುವಾಗ ನಿಜವಾದ ವೇಗ 84 ಇರುತ್ತದೆ, ಎಳೆತ ಮತ್ತು ಬ್ರೇಕು ಅದೇ ಪ್ರಮಾಣದಲ್ಲಿ ಕುಂದುತ್ತವೆ, ತಿರುಗಿಸುವಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಬಹುದು. ಅಳತೆ ಬದಲಿಸುವುದಕ್ಕೆ ಕಾನೂನಿನ ತಡೆಯೂ ಇದೆ, ಅದರ ಮಾತು ಮುಂದೆ ಬರುತ್ತದೆ.

ಟೈರಿನಷ್ಟೇ ಮುಖ್ಯ ಅದರೊಳಗಿನ ಗಾಳಿ. ಇಡೀ ಪಟ್ಟಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಒಳ್ಳೆಯ ಗಾಳಿ ಮಾಪಕ ಮತ್ತು ಬ್ಯಾಟರಿಯಿಂದ ಓಡುವ ಕಂಪ್ರೆಸರ್. ಡಾಂಬರಿನಲ್ಲಿ 30ರಿಂದ 35 ಪಿಎಸ್‌ಐ ಇರುವ ಗಾಳಿಯನ್ನು ಕಲ್ಲುದಾರಿಯಲ್ಲಿ 25ರ ಆಸುಪಾಸಿಗೆ, ಮರಳು ಮತ್ತು ಕೆಸರಿನಲ್ಲಿ 16ರಿಂದ 18ಕ್ಕೆ ಇಳಿಸಿದರೆ ಟೈರು ಉದ್ದುದ್ದವಾಗಿ ನೆಲಕ್ಕೆ ಹರಡುತ್ತದೆ. ಭಾರ ಹೆಚ್ಚು ಜಾಗದಲ್ಲಿ ಹಂಚಿಹೋಗಿ ಗಾಡಿ ತೇಲಿದಂತೆ ಸಾಗುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ಜೋರಾಗಿ ತಿರುಗಿಸಿದಾಗ ಟೈರು ರಿಮ್ಮಿನಿಂದ ಬಿಟ್ಟುಕೊಳ್ಳುವ ಭಯವಿದೆ. ಗಾಳಿ ಇಳಿಸಿದ ಗಾಡಿಯನ್ನು ನಿಧಾನವಾಗಿಯೇ ಓಡಿಸಬೇಕು, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರಿಗೆ ಪಿಕಪ್ಪಿನ ದೊಡ್ಡ ಟೈರು ಹೊರೆಯಾಗುತ್ತದೆ. ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದೇ ಬೇಕು. ಜೊತೆಗೆ ಪಂಚರ್ ಸ್ಟ್ರಿಪ್ಪುಗಳು, ಮತ್ತು ಉಳಿದ ನಾಲ್ಕರ ಅಳತೆಯದೇ ಸ್ಟೆಪ್ನಿ. ಪಕ್ಕೆ ಹರಿದರೆ ಸ್ಟ್ರಿಪ್ ನಂಬುವಂತಿಲ್ಲ, ಸ್ಟೆಪ್ನಿಯೇ ಗತಿ.

ಹೂತುಕೊಂಡಾಗ ಬೇಕಾದ್ದು

ಟೈರಿನ ನಂತರದ ಖರ್ಚು ಮುಂಬದಿಗೂ ಹಿಂಬದಿಗೂ ಚಾಸಿಗೆ ನೇರ ಬೋಲ್ಟ್ ಮಾಡಿದ ಎಳೆಯುವ ಕೊಕ್ಕೆ. ಕಾರ್ಖಾನೆಯವರು ಕೆಳಗೆ ಬೆಸೆದು ಕೊಡುವ ಪುಟ್ಟ ಬಳೆಗಳು ಗಾಡಿಯನ್ನು ಸಾಗಿಸುವಾಗ ಕಟ್ಟಿಹಾಕಲು ಕೊಟ್ಟವು, ಕೆಸರಿನಿಂದ ಕೀಳುವ ಬಲವನ್ನು ತಡೆಯಲಾರವು. ಟ್ರೇಲರ್ ಎಳೆಯುವ ಗುಂಡಿಗೆ ಹಗ್ಗ ಹಾಕಿ ಎಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಮುರಿದರೆ ಫಿರಂಗಿ ಗುಂಡಿನಂತೆ ಹಾರುತ್ತದೆ. ಹಾಗೆ ಜೀವ ಹೋದ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಈ ಒಂದು ವಿಷಯದಲ್ಲಿ ಹಣ ಉಳಿಸುವ ಯೋಚನೆಯೇ ಕೂಡದು.

ಕೊಕ್ಕೆಗೂ ಹಗ್ಗಕ್ಕೂ ನಡುವೆ ಸೇರುವುದು ಶ್ಯಾಕಲ್. ಇಂಥ ಗಾಡಿಗೆ ಮುಕ್ಕಾಲು ಅಂಗುಲದ, ಮೈಮೇಲೆ 4.75 ಟನ್ ಎಂದು ಅಚ್ಚೊತ್ತಿರುವ ಶ್ಯಾಕಲ್ ಸಾಮಾನ್ಯ. ಸಾಮರ್ಥ್ಯದ ಅಚ್ಚಿಲ್ಲದ ಶ್ಯಾಕಲ್ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು. ಹಗ್ಗದಲ್ಲಿ ಎರಡು ಜಾತಿ. ನೈಲಾನಿನ ಕೈನೆಟಿಕ್ ಹಗ್ಗ ಎಳೆದಾಗ ತನ್ನ ಉದ್ದದ ಶೇ 30ರವರೆಗೆ ಹಿಗ್ಗಿ, ಆಮೇಲೆ ಕುಗ್ಗುತ್ತ ಹೂತ ಗಾಡಿಯನ್ನು ಮೃದುವಾಗಿ ಎತ್ತುತ್ತದೆ. ಹಿಗ್ಗದ ಪಟ್ಟಿ ಮತ್ತು ಸರಪಳಿ ನಿಧಾನವಾಗಿ ಎಳೆಯಲು ಮಾತ್ರ. ಅವುಗಳಿಂದ ಜಗ್ಗಿದರೆ ಕೊಕ್ಕೆಯೋ ಚಾಸಿಯೋ ಕಿತ್ತುಬರುತ್ತದೆ. ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹಾಕಿದರೆ ತುಂಡಾದಾಗ ಅದು ನೆಲಕ್ಕೆ ಬೀಳುತ್ತದೆ.

ಒಬ್ಬಂಟಿ ಗಾಡಿಗೆ ಸಲಿಕೆಯೇ ಮೊದಲ ಆಸರೆ. ಚಕ್ರದ ಮುಂದಿನ ಮಣ್ಣು ತೆಗೆದು, ಗಾಳಿ ಇಳಿಸಿ, ಹಲ್ಲುಗಳಿರುವ ಪ್ಲಾಸ್ಟಿಕ್ ಹಲಗೆಗಳನ್ನು ಟೈರಿನಡಿ ತಳ್ಳಿದರೆ ಅರ್ಧಕ್ಕಿಂತ ಹೆಚ್ಚು ಬಾರಿ ಗಾಡಿ ತಾನೇ ಹೊರಬರುತ್ತದೆ. ಚಕ್ರ ಎತ್ತಬೇಕಾಗಿ ಬಂದರೆ ಎರೆನೆಲ ಜ್ಯಾಕನ್ನೇ ನುಂಗುವುದರಿಂದ ಅದರಡಿ ಇಡಲು ಒಂದು ಅಡಿ ಚೌಕದ ದಪ್ಪ ಮರದ ಹಲಗೆ ಸದಾ ಗಾಡಿಯಲ್ಲಿರಬೇಕು. ಇದು ಯಾವ ಅಂಗಡಿಯ ಪಟ್ಟಿಯಲ್ಲೂ ಇರುವುದಿಲ್ಲ. ಎತ್ತರದ ಹಲ್ಲುಜ್ಯಾಕ್ ನೋಡಲು ಚೆಂದ. ಕೈತಪ್ಪಿದರೆ ಅದರ ಹಿಡಿ ದವಡೆ ಮುರಿಯುವಷ್ಟು ಜೋರಾಗಿ ಎಗರುತ್ತದೆ, ಪಳಗದ ಕೈಗೆ ಅದು ಬೇಡ.

ವಿಂಚ್ ಬೇಕೇ? ಕಾಡಿನ ನಡುವೆ ಒಂಟಿಯಾಗಿ ಹೋಗುವವರಿಗೆ ಹೌದು. ಅದರ ಶಕ್ತಿ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟಾದರೂ ಇರಬೇಕೆಂಬುದು ವಾಡಿಕೆಯ ಲೆಕ್ಕ. ಭಾರ ತುಂಬಿದ ಪಿಕಪ್ 2,900 ಕೆ.ಜಿ. ಎಂದರೆ 4,350 ಕೆ.ಜಿ. ಎಳೆತ ಬೇಕು, ಅದಕ್ಕೆ 10,000 ಪೌಂಡಿನ ವಿಂಚ್ ಹೊಂದುತ್ತದೆ. ಉರುಳೆಯ ಮೇಲೆ ಸುತ್ತು ಹೆಚ್ಚಾದಷ್ಟೂ ಎಳೆತ ಕಡಿಮೆ, ಅದಕ್ಕೇ ಹಗ್ಗವನ್ನು ಆದಷ್ಟು ಉದ್ದಕ್ಕೆ ಬಿಟ್ಟು ಎಳೆಯಬೇಕು. ನಡುವೆ ಒಂದು ರಾಟೆ ಹಾಕಿ ಹಗ್ಗವನ್ನು ಗಾಡಿಗೇ ಮರಳಿ ತಂದರೆ ಬಲ ಸುಮಾರು ಇಮ್ಮಡಿಸುತ್ತದೆ, ವೇಗ ಅರ್ಧವಾಗುತ್ತದೆ. ಪೂರ್ತಿ ಹೊರೆಯಲ್ಲಿ ವಿಂಚ್ 400 ಆಂಪಿಯರ್‌ವರೆಗೆ ವಿದ್ಯುತ್ ಎಳೆಯುವುದರಿಂದ ಬ್ಯಾಟರಿ ಹಳತಾಗಿದ್ದರೆ ಕೈಕೊಡುತ್ತದೆ. ಇಷ್ಟೆಲ್ಲ ಆದ ಮೇಲೂ ಒಂದು ಮಾತು ಹೇಳಲೇಬೇಕು: ಕಟ್ಟಲು ಮರವೋ ಬಂಡೆಯೋ ಇಲ್ಲದ ಎರೆ ಬಯಲಿನಲ್ಲಿ ವಿಂಚಿಗೆ ಕೆಲಸವೇ ಇಲ್ಲ. ಬೀದರ್, ಕಲಬುರಗಿಯ ಹೊಲಗಳ ನಡುವೆ ಕೈಹಿಡಿಯುವುದು ಊರಿನ ಟ್ರ್ಯಾಕ್ಟರ್. ಅದರ ಬಾಡಿಗೆ ಕೊಟ್ಟು, ಜಗ್ಗದೆ ಒಂದೇ ಸಮ ನಿಧಾನವಾಗಿ ಎಳೆಯಲು ಕೇಳಿಕೊಂಡು, ಭದ್ರವಾದ ಕೊಕ್ಕೆ ತೋರಿಸಿದರೆ ಸಾಕು.

ತೂಕದ ಲೆಕ್ಕ

ಸಾಮಾನಿನ ಅಂಗಡಿಗಳಲ್ಲಿ ಬೆಲೆ ಕೇಳುವವರು ತೂಕ ಕೇಳುವುದಿಲ್ಲ. ಪ್ರತಿ ಗಾಡಿಯ ಆರ್‌ಸಿಯಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕದ ಮಿತಿ ಎರಡೂ ನಮೂದಾಗಿರುತ್ತವೆ. ಇವುಗಳ ವ್ಯತ್ಯಾಸವೇ ಜನ, ಸಾಮಾನು, ಅಳವಡಿಕೆ ಎಲ್ಲಕ್ಕೂ ಸೇರಿ ಸಿಗುವ ಹೊರೆ. ಸ್ವಂತ ಬಳಕೆಗೆಂದು ನೋಂದಣಿಯಾಗುವ ಪಿಕಪ್‌ಗಳಲ್ಲಿ ಈ ಹೊರೆ, ಹಿಂದಿನ ಬಾಡಿಯ ಗಾತ್ರ ನೋಡಿ ಊಹಿಸುವುದಕ್ಕಿಂತ ತೀರಾ ಕಡಿಮೆ ಇರುತ್ತದೆ.

ವ್ಯತ್ಯಾಸ 450 ಕೆ.ಜಿ. ಎಂದುಕೊಳ್ಳೋಣ. ನಾಲ್ಕು ಜನ ಹತ್ತಿದರೆ 280 ಹೋಯಿತು. ಹಿಂದಿನ ಬಾಡಿಗೆ ಫೈಬರ್ ಮುಚ್ಚಿಗೆ ಸುಮಾರು 70. ನೆತ್ತಿಯ ಡೇರೆ 60. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು 40. ಅಲ್ಲಿಗೆ ಮಿತಿ ಮುಗಿಯಿತು. ವಿಂಚ್, ಫ್ರಿಜ್, ಎರಡನೇ ಬ್ಯಾಟರಿ, ಅಡುಗೆ ಸಾಮಾನು, ಬಟ್ಟೆಬರೆ ಯಾವುದೂ ಇನ್ನೂ ಹತ್ತಿಲ್ಲ.

ಮಿತಿ ಮೀರಿದ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಸ್ಪ್ರಿಂಗು ಕೂರುತ್ತದೆ, ಟೈರು ಬಿಸಿಯಾಗುತ್ತದೆ. ಆಕ್ಸಲ್‌ನ ಹಿಂದಕ್ಕೆ ಚಾಚಿಕೊಂಡ ಭಾರ ಗುಂಡಿಗಳಲ್ಲಿ ಕುಟ್ಟಿ ಕುಟ್ಟಿ ಚಾಸಿಯನ್ನೇ ಬಗ್ಗಿಸಿದ ಉದಾಹರಣೆಗಳು ಆಸ್ಟ್ರೇಲಿಯಾದಲ್ಲಿ ಹಲವು. ಅಪಘಾತವಾದರೆ ವಿಮೆಯವರ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಅದಕ್ಕೇ ಸಾಮಾನು ಹಾಕಿಸುವ ಮೊದಲು ಮತ್ತು ಹಾಕಿಸಿದ ಮೇಲೆ ಗಾಡಿಯನ್ನು ಲಾರಿಗಳ ತೂಕದ ಕಾಟಾದ ಮೇಲೆ ನಿಲ್ಲಿಸಿ ನೋಡುವುದು ಒಳ್ಳೆಯದು. ಕೆಲವೇ ರೂಪಾಯಿಯ ಕೆಲಸ.

ಭಾರ ಎಲ್ಲಿದೆ ಎಂಬುದೂ ಮುಖ್ಯ. ನೆತ್ತಿಯ ಮೇಲಿನ 60 ಕೆ.ಜಿ. ಪಕ್ಕಕ್ಕೆ ವಾಲುವ ದಾರಿಯಲ್ಲಿ ನೆಲಮಟ್ಟದ 60 ಕೆ.ಜಿ.ಗಿಂತ ಎಷ್ಟೋ ಹೆಚ್ಚು ಕಾಡುತ್ತದೆ. ನೀರು, ಬ್ಯಾಟರಿ, ಸಲಕರಣೆ ಪೆಟ್ಟಿಗೆ ಕ್ಯಾಬಿನ್ನಿನ ಬೆನ್ನಿಗೆ ತಾಗಿ, ಕೆಳಗೆ, ಕಟ್ಟಿಹಾಕಿದ ಸ್ಥಿತಿಯಲ್ಲಿರಬೇಕು.

ಸ್ಪ್ರಿಂಗು, ಹೊಟ್ಟೆ, ಮೂಗು

ಗಾಡಿಯನ್ನು ಎತ್ತರಿಸುವ ಸಸ್ಪೆನ್ಷನ್ ಕಿಟ್ಟುಗಳಲ್ಲಿ 40ರಿಂದ 50 ಮಿ.ಮೀ. ವರೆಗಿನವು ಬಳಕೆಗೆ ತಕ್ಕವು. ಅದಕ್ಕೂ ಮೇಲೆ ಹೋದರೆ ಮುಂದಿನ ಆಕ್ಸಲ್ ಕೀಲುಗಳು ಓರೆಯಾಗಿ ಬೇಗ ಸವೆಯುತ್ತವೆ, ಬ್ರೇಕ್ ಪೈಪು ಬಿಗಿಯುತ್ತದೆ. ಸ್ಪ್ರಿಂಗನ್ನು ಆರಿಸಬೇಕಾದ್ದು ಗಾಡಿಯಲ್ಲಿ ಸದಾ ಇರುವ ಭಾರ ನೋಡಿ. ವಾರವಿಡೀ ಖಾಲಿ ಓಡುವ ಗಾಡಿಗೆ 300 ಕೆ.ಜಿ.ಯ ಸ್ಪ್ರಿಂಗು ಹಾಕಿಸಿದರೆ ಹೈದರಾಬಾದಿನ ಮೆಹದೀಪಟ್ಟಣದ ಪ್ರತಿ ಹಂಪೂ ಬೆನ್ನುಮೂಳೆಗೆ ತಾಗುತ್ತದೆ. ಎತ್ತರಿಸಿದ ಮೇಲೆ ಹೆಡ್‌ಲೈಟನ್ನು ಕೆಳಕ್ಕೆ ಹೊಂದಿಸಬೇಕು, ಇಲ್ಲದಿದ್ದರೆ ಎದುರಿನವರ ಕಣ್ಣು ಕೋರೈಸುತ್ತದೆ. ಮರೆತೇಹೋಗುವ ಕೆಲಸವಿದು.

ಗ್ರಾನೈಟಿನ ನಾಡಿನಲ್ಲಿ ಎತ್ತರಕ್ಕಿಂತ ಮೊದಲು ಬೇಕಾದ್ದು ಹೊಟ್ಟೆಯ ಕವಚ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಅಡಿ ಮೂರು ಮಿ.ಮೀ. ಉಕ್ಕಿನ ಹಾಳೆ ಹಾಕಿದರೆ ಆಯಿಲ್ ಚೇಂಬರ್ ಒಡೆಯುವ ಭಯ ತಪ್ಪುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಅಷ್ಟೇ ಬಲಕ್ಕೆ ದಪ್ಪ ಬೇಕು, ಬೆಲೆ ಹೆಚ್ಚು. ಆಯಿಲ್ ಬದಲಿಸಲು ರಂಧ್ರ, ಗಾಳಿಯಾಡಲು ಸೀಳು ಅದರಲ್ಲಿರಬೇಕು. 40 ಡಿಗ್ರಿ ಬಿಸಿಲಿನಲ್ಲಿ ಪೂರ್ತಿ ಮುಚ್ಚಿದ ಹೊಟ್ಟೆ ಎಂಜಿನ್ನಿಗೆ ಹಿತವಲ್ಲ. ಬಾಗಿಲ ಕೆಳಗಿನ ಮೆಟ್ಟಿಲು ಹತ್ತಲು ಮಾತ್ರ. ಚಾಸಿಗೆ ಬಿಗಿದ ಗಟ್ಟಿ ಕೊಳವೆಯ ಸ್ಲೈಡರ್ ಗಾಡಿಯ ಭಾರವನ್ನೇ ಹೊರಬಲ್ಲದು, ಉದ್ದನೆಯ ಪಿಕಪ್ಪಿಗೆ ಅದು ನಿಜವಾದ ರಕ್ಷಣೆ.

ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಗಾಳಿ ತರುವ ಬಾಯನ್ನು ನೆತ್ತಿಯವರೆಗೆ ಏರಿಸುವ ಕೊಳವೆ, ಬಹಳ ತಪ್ಪು ತಿಳಿವಳಿಕೆಗೆ ಗುರಿಯಾದ ಸಾಮಾನು. ಹೈಲಕ್ಸ್ ದಾಟಬಲ್ಲ ನೀರಿನ ಆಳ 700 ಮಿ.ಮೀ. ಸ್ನಾರ್ಕೆಲ್ ಹಾಕಿದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳ ಗಾಳಿಕೊಳವೆಗಳನ್ನೂ ಎತ್ತರಿಸಬೇಕು. ಆಲ್ಟರ್ನೇಟರ್, ವಿದ್ಯುತ್ ಜೋಡಣೆಗಳು ಆಗಲೂ ನೀರಿನಲ್ಲೇ. ದಖ್ಖನಿನಲ್ಲಿ ಹರಿಯುವ ಹಳ್ಳವನ್ನು ಆಳ ನೋಡಿ ದಾಟುವುದಕ್ಕಿಂತ ಸೆಳೆತ ನೋಡಿ ಬಿಡುವುದು ವಿವೇಕ. ಆಲಮಟ್ಟಿ, ನಾರಾಯಣಪುರದಿಂದ ನೀರು ಬಿಟ್ಟ ದಿನಗಳಲ್ಲಿ ಕೃಷ್ಣೆಯ ಪಾತ್ರಕ್ಕೆ ಗಾಡಿ ಇಳಿಸಲೇಬಾರದು. ಸ್ನಾರ್ಕೆಲಿನ ಗುಣ ಕಾಣುವುದು ಬೇಸಿಗೆಯ ಧೂಳಿನಲ್ಲಿ: ಎತ್ತರದ ಗಾಳಿಯಲ್ಲಿ ಧೂಳು ಕಡಿಮೆ, ಏರ್ ಫಿಲ್ಟರ್ ಹೆಚ್ಚು ದಿನ ಬಾಳುತ್ತದೆ. ಅದಕ್ಕಾಗಿ ಫೆಂಡರ್ ಕೊರೆಯಬೇಕೇ ಎಂದರೆ, ಫಿಲ್ಟರನ್ನು ಪ್ರತಿ ಪ್ರವಾಸದ ಬಳಿಕ ಬಿಚ್ಚಿ ನೋಡುವುದೇ ಸಾಕು ಎನ್ನಬೇಕಾಗುತ್ತದೆ.

ಮಲಗಲು, ಉಣ್ಣಲು

ಹಿಂದಿನ ತೆರೆದ ಬಾಡಿಗೆ ಮಳೆ, ಧೂಳು, ಕಳ್ಳರಿಂದ ಕಾವಲು ಬೇಕು. ಬಟ್ಟೆಯ ಮಡಚು ಹೊದಿಕೆ ಅತಿ ಹಗುರ, ಬೀಗಕ್ಕೆ ಆಗದು. ಅಲ್ಯೂಮಿನಿಯಂ ಸುರುಳಿ ಮುಚ್ಚಳಕ್ಕೆ ಬೀಗವಿದೆ, ಎತ್ತರದ ಸಾಮಾನು ಹಿಡಿಯದು. ಪೂರ್ತಿ ಮುಚ್ಚಿಗೆಯೊಳಗೆ ಮಲಗಬಹುದು, ಆದರೆ ತೂಕ ಮೇಲೆ ಕಂಡಂತೆ. ಯಾವುದನ್ನು ಹಾಕಿದರೂ ಹಿಂಬಾಗಿಲ ಸಂದಿಯಿಂದ ಎರೆಯ ಧೂಳು ಒಳನುಗ್ಗುತ್ತದೆ, ಸಂದಿಗೆ ರಬ್ಬರ್ ಪಟ್ಟಿ ಅಂಟಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಹೊರೆಯನ್ನು ಕೊಕ್ಕೆಗಳಿಗೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಬೇಕು. ಆ ಬಾಡಿಯಲ್ಲಿ ಜನರನ್ನು ಕೂರಿಸುವುದು ಅಪಾಯ, ಕಾನೂನಿಗೂ ವಿರುದ್ಧ.

ನೆತ್ತಿಯ ಡೇರೆ ಆರಿಸುವವರು ಎರಡು ಅಂಕಿ ನೋಡಬೇಕು: ನಿಂತಾಗ ಹೊರುವ ಭಾರ, ಓಡುವಾಗ ಹೊರುವ ಭಾರ. ಎರಡನೆಯದು ಯಾವಾಗಲೂ ತೀರ ಕಡಿಮೆ. ಎರಡು ರಾತ್ರಿಯ ಬೀದರ್ ಪ್ರವಾಸಕ್ಕೆ ನೆಲದ ಡೇರೆಯೂ ಒಂದು ಟಾರ್ಪಾಲೂ ಚೆನ್ನಾಗಿ ಸಾಲುತ್ತವೆ. ಇಂಧನದ ಹೆಚ್ಚುವರಿ ಕ್ಯಾನಿನ ಅಗತ್ಯ ಈ ಕಡೆ ಇಲ್ಲವೇ ಇಲ್ಲ. ಹೈಲಕ್ಸ್‌ನ ಟ್ಯಾಂಕು 80 ಲೀಟರಿನದು, ಊರೂರಿಗೂ ಬಂಕ್ ಇದೆ.

ಫ್ರಿಜ್ ಇಡುವವರು ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಅದಕ್ಕೆ ಬಳಸಬಾರದು. ಬೇರೆಯೇ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅದಕ್ಕೆ ಡಿಸಿ-ಡಿಸಿ ಚಾರ್ಜರ್, ಬ್ಯಾಟರಿಯ ಹತ್ತಿರವೇ ಫ್ಯೂಸ್. ಗಾಡಿಗಳಲ್ಲಿ ಬೆಂಕಿ ಹೊತ್ತುವುದಕ್ಕೆ ಫ್ಯೂಸಿಲ್ಲದ ಹೆಚ್ಚುವರಿ ವೈರಿಂಗ್ ದೊಡ್ಡ ಕಾರಣ. ಕೈಗೆಟುಕುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರೂ ಇರಲಿ.

ಮೊಬೈಲ್ ಸಿಗದ ಕಣಿವೆಗಳಲ್ಲಿ ಗಾಡಿಯಿಂದ ಗಾಡಿಗೆ ಮಾತಾಡಲು 446 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿ-ಟಾಕಿಗಳಿಗೆ 2018ರಿಂದ ಪರವಾನಗಿಯ ಅಗತ್ಯವಿಲ್ಲ. ವಿದೇಶದಿಂದ ತರುವ ಉಪಗ್ರಹ ಫೋನ್, ಉಪಗ್ರಹ ಸಂದೇಶ ಸಾಧನಗಳನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೆ ಬಂಧನವಾಗಬಹುದು.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಒಪ್ಪಿಗೆಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಜೈಲು ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಇಲ್ಲವೇ ಎರಡನ್ನೂ ವಿಧಿಸುತ್ತದೆ. ಮುಂಬದಿಯ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾರ್ಡು ಪಾದಚಾರಿಗೆ ಮಾರಕ. ಡಿಕ್ಕಿಯ ಹೊಡೆತವನ್ನು ನೇರ ಚಾಸಿಗೆ ದಾಟಿಸಿ ಏರ್‌ಬ್ಯಾಗಿನ ಲೆಕ್ಕವನ್ನೂ ಅದು ಕೆಡಿಸುತ್ತದೆ. ಈ ನಿಷೇಧ ಸರಿಯಾದದ್ದು. ವಿಂಚ್ ಬೇಕೆನ್ನುವವರು ಮೂಲ ಬಂಪರಿನ ಹಿಂದೆ ಅಡಗುವ ಚೌಕಟ್ಟಿನ ಬಗ್ಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೂ ಬರೆದು ತಿಳಿಸಬೇಕು.

ಈ ಗೆರೆಯೊಳಗೆ ನಿಂತು ನೋಡಿದರೆ ಸಲೀಸಾಗಿ ಉಳಿಯುವುದು ಬಿಚ್ಚಿಡಬಹುದಾದ ಸಾಮಾನು: ಮೂಲ ಅಳತೆಯ ಒಳ್ಳೆಯ ಟೈರು, ಕಂಪ್ರೆಸರ್, ಹಗ್ಗ, ಶ್ಯಾಕಲ್, ಸಲಿಕೆ, ಹಲಗೆ, ಡೇರೆ, ನೀರಿನ ಕ್ಯಾನು. ಅಪಘಾತದ ಹೊತ್ತಿಗೆ ಹೆಚ್ಚು ಪ್ರಶ್ನೆ ಏಳುವುದು ಸಸ್ಪೆನ್ಷನ್, ಸ್ನಾರ್ಕೆಲ್, ದೊಡ್ಡ ಟೈರುಗಳ ಮೇಲೆ. ನೆತ್ತಿಯ ದೀಪದ ಪಟ್ಟಿಯನ್ನು ಹೆದ್ದಾರಿಯಲ್ಲಿ ಬೆಳಗಿಸುವುದು ಎದುರಿನವರ ಪ್ರಾಣದ ಜೊತೆ ಆಡುವುದೇ ಸರಿ.

ದಾರಿಗೂ ಕಾನೂನಿದೆ. ತೆಲಂಗಾಣದ ಗಡಿಗೆ ಅಂಟಿಕೊಂಡ ಚಿಂಚೋಳಿ ವನ್ಯಜೀವಿಧಾಮಕ್ಕಾಗಲಿ, ಶ್ರೀಶೈಲದ ದಾರಿಯ ಅಮ್ರಾಬಾದ್ ಹುಲಿ ಮೀಸಲಿಗಾಗಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ದಾರಿ ಬಿಟ್ಟು ಇಳಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 1908ರ ಮೂಸಿ ಪ್ರವಾಹದ ನಂತರ ಕಟ್ಟಿದ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ನೆರೆ ತಡೆಯಲೂ ನಗರದ ಕುಡಿಯುವ ನೀರಿಗೂ ಆದ ಕೆರೆಗಳು. ಅವುಗಳ ಅಂಗಳದಲ್ಲಿ ಚಕ್ರ ತಿರುಗಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹೊಲದ ಬದುವಿನ ಮೇಲೆ ಗಾಡಿ ಹತ್ತಿಸಿದರೆ ಮುಂದಿನ ಮಳೆಗೆ ಅಲ್ಲಿಂದಲೇ ಮಣ್ಣು ಕೊಚ್ಚಿಹೋಗುತ್ತದೆ. ಊರಿನವರನ್ನು ಕೇಳಿ ಹೋಗಬೇಕು.

ಎಲ್ಲಿ ಕೊಳ್ಳುವುದು, ಹೇಗೆ ಪರೀಕ್ಷಿಸುವುದು

ಹಗ್ಗ, ಶ್ಯಾಕಲ್, ರಾಟೆ, ಜ್ಯಾಕ್‌ಗಳಿಗೆ ಸಿಕಂದರಾಬಾದಿನ ರಾಣಿಗಂಜ್ ಹಳೆಯ ಪೇಟೆ. ಕ್ರೇನ್ ಮತ್ತು ಲಾರಿಗಳಿಗೆಂದು ಮಾರುವ, ಸಾಮರ್ಥ್ಯದ ಅಚ್ಚಿರುವ ಸಾಮಾನು ಅಲ್ಲಿ ಸಾಹಸದ ಹಣೆಪಟ್ಟಿಯಿಲ್ಲದೆ ಸಿಗುತ್ತದೆ. ಹೊಟ್ಟೆಯ ಕವಚ, ಚೌಕಟ್ಟುಗಳಿಗೆ ಬಾಲಾನಗರದ ಲೇತ್, ವೆಲ್ಡಿಂಗ್ ಶೆಡ್ಡುಗಳಿವೆ. ಚಾಸಿಯ ಮೇಲೆ ವೆಲ್ಡಿಂಗ್ ಮಾಡಲು ಬಿಡಬಾರದು. ಬೆಸುಗೆಯ ಬಿಸಿಗೆ ಉಕ್ಕಿನ ಬಲ ಕುಂದುವುದರಿಂದ ಈಗಿರುವ ರಂಧ್ರಗಳಲ್ಲೇ ಹೈಟೆನ್ಸೈಲ್ ಬೋಲ್ಟ್ ಹಾಕಿಸಬೇಕು.

ಹೊಸ ಸಾಮಾನಿನೊಡನೆ ಮೊದಲ ಪ್ರವಾಸ ಹತ್ತಿರದ್ದೇ ಇರಲಿ, ಜೊತೆಗೆ ಇನ್ನೊಂದು ಗಾಡಿಯಿರಲಿ. ಗಾಳಿ ಇಳಿಸಿ ತುಂಬುವುದನ್ನು, ಸ್ಟೆಪ್ನಿ ಕೆಳಗಿಳಿಸುವುದನ್ನು, ಹಗ್ಗ ಜೋಡಿಸುವುದನ್ನು ಒಣ ನೆಲದಲ್ಲಿ ಒಮ್ಮೆ ಮಾಡಿ ನೋಡಬೇಕು. ಮರಳಿದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿಸಬೇಕು. ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಎಲ್ಲವೂ ಸ್ವಲ್ಪ ಸಡಿಲವಾಗುತ್ತವೆ. ರೇಡಿಯೇಟರ್, ಬ್ರೇಕು, ಹೊಟ್ಟೆಯ ಕವಚದ ಒಳಬದಿಯಲ್ಲಿ ಸಿಕ್ಕಿದ ಎರೆಮಣ್ಣನ್ನು ಒಣಗಿ ಗಟ್ಟಿಯಾಗುವ ಮೊದಲೇ, ಅಂದೇ ರಾತ್ರಿ, ನೀರು ಹಾಯಿಸಿ ತೊಳೆಯಬೇಕು. ನೈಲಾನ್ ಹಗ್ಗದ ಎಳೆಗಳ ನಡುವೆ ಸೇರಿದ ಮರಳು ಒಳಗಿಂದಲೇ ಅದನ್ನು ಕೊಯ್ಯುವುದರಿಂದ ಹಗ್ಗವನ್ನೂ ಬಕೆಟ್ಟಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ ಸುತ್ತಿಡಬೇಕು.